ಎಡಿಟರನ ಹೆಂಡತಿಗೆ ಅಭಿಪ್ರಾಯವಿಲ್ಲ

ಫೆಬ್ರವರಿ ೩, ಮಂಗಳವಾರ

ನಾಮಿನೇಷನ್ ಪಟ್ಟಿ ಬಂತು. ನನ್ನ ಗಂಡ ಅದರಲ್ಲಿದ್ದಾನೆ. ನನ್ನ ಗಂಡ. ಈ ಎರಡು ಪದ ಬರೆಯುವುದೇ ಇನ್ನೂ ಹೊಸ ಚಪ್ಪಲಿ ಹಾಕಿಕೊಂಡು ನಡೆದ ಹಾಗಿದೆ, ಈಗ ಅದಕ್ಕೆ ನಾಮಿನೇಷನ್ ಬೇರೆ.

ಮಧ್ಯಾಹ್ನ ನಾನು, ಅತ್ತೆ, ನಾದಿನಿ ಟಿವಿ ಮುಂದೆ ಬಟಾಣಿ ಸುಲಿಯುತ್ತ ಕೂತಿದ್ದೆವು. ಮಾವ ಎಂದಿನಂತೆ ಸೋಫಾದ ಹಿಂದೆ ನಿಂತಿದ್ದರು. ಅವರು ಕೂತು ಟಿವಿ ನೋಡುವುದಿಲ್ಲ. "ನಾನೇನೂ ನೋಡ್ತಿಲ್ಲಮ್ಮ, ಹಾಗೇ ಈ ಕಡೆ ಹೋಗ್ತಿದ್ದೆ" ಅನ್ನುತ್ತ ಇಡೀ ಸಿನಿಮಾ ನಿಂತೇ ಮುಗಿಸುತ್ತಾರೆ. ಅತ್ಯುತ್ತಮ ಸಂಕಲನ ಎಂದು ಟಿವಿಯವಳು ಹೆಸರುಗಳನ್ನು ಓದಿದಳು, ನಡುವೆ ಇವನ ಹೆಸರು. ನಾನು ಎದ್ದ ರಭಸಕ್ಕೆ ಬಟಾಣಿಯೆಲ್ಲ ಸೋಫಾದ ಕೆಳಗೆ. ಅತ್ತೆ ಕಣ್ಣೊರೆಸಿಕೊಂಡು, "ಆ ಟಿವಿ ಹುಡುಗಿ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿದ್ದಾಳೆ" ಅಂದರು. ಅತ್ತೆ ದಂತವೈದ್ಯೆ. ಸಂತೋಷದಲ್ಲೂ ದುಃಖದಲ್ಲೂ ಅವರಿಗೆ ಮೊದಲು ಕಾಣುವುದು ಹಲ್ಲು.

ಇವನು ಸಂಜೆ ಬಂದ. ಎಡಿಟಿಂಗ್ ರೂಮಿನಲ್ಲಿ ಫೋನ್ ಆಫ್ ಮಾಡಿ ಕೂರುವ ಪ್ರಾಣಿ, ಬೀದಿ ತಿರುವಿನ ಅಂಗಡಿಯವನು ಹೇಳಿದ ಮೇಲೆ ಗೊತ್ತಾಯಿತಂತೆ. "ಬಂತಂತಲ್ಲ" ಅಂದ, ನಲ್ಲಿಯಲ್ಲಿ ನೀರು ಬಂತಂತಲ್ಲ ಅನ್ನುವ ಹಾಗೆ. ಆದರೆ ಶೂ ಬಿಚ್ಚಲು ಕೂತವನು ಬಿಚ್ಚಿದ ಲೇಸನ್ನು ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ನನಗೆ ಅವನನ್ನು ಅಲ್ಲೇ... ಬೇಡ, ದಿನಚರಿಗೂ ಒಂದು ಮರ್ಯಾದೆ ಇದೆ.

ಇನ್ನು ಪಟ್ಟಿಯ ಬಗ್ಗೆ. ಅತ್ಯುತ್ತಮ ಚಿತ್ರಕ್ಕೆ ಆ ಕುದುರೆ ಯುದ್ಧದ ಸಿನಿಮಾ ಹಾಕಿದ್ದಾರೆ. ಕುದುರೆಗಳಿಗೇ ನೇರವಾಗಿ ಪ್ರಶಸ್ತಿ ಕೊಡುವುದಾದರೆ ನನ್ನ ತಕರಾರಿಲ್ಲ, ಪಾಪ ಅವು ಚೆನ್ನಾಗಿ ಮಾಡಿವೆ. ನಾಯಕ ಮಾತ್ರ ಶುರುವಿನಿಂದ ಕೊನೆಯವರೆಗೆ ಮೂಗಿನಲ್ಲಿ ಉಸಿರು ಬಿಟ್ಟಿದ್ದಾನೆ, ಅದನ್ನೇ ನಟನೆ ಅಂದುಕೊಂಡು ನಾಮಿನೇಟ್ ಮಾಡಿದ್ದಾರೆ. ಪೋಷಕ ನಟಿಯರಲ್ಲಿ ಮೆಟ್ಟಿಲು ಹತ್ತುವ ಒಂದೇ ದೃಶ್ಯವಿರುವ ಆ ಅಜ್ಜಿ ಇದ್ದಾಳೆ; ಅವಳ ಪರ ನಾನು ಎರಡೂ ಕೈ ಎತ್ತುತ್ತೇನೆ. ಆದರೆ ಗಡಿಯಾರ ರಿಪೇರಿ ಅಂಗಡಿಯ ಅಕ್ಕತಂಗಿಯರ ಸಿನಿಮಾಕ್ಕೆ ಅತ್ಯುತ್ತಮ ಚಿತ್ರದಲ್ಲಿ ಜಾಗವೇ ಇಲ್ಲ. ಇದು ಶುದ್ಧ ಅನ್ಯಾಯ. ಒಂದೇ ಕೌಂಟರಿನ ಎರಡು ತುದಿಯಲ್ಲಿ ವರ್ಷಗಟ್ಟಲೆ ಮಾತು ಬಿಟ್ಟು ಕೂತ ಇಬ್ಬರು. ಈ ತುದಿಯಲ್ಲಿ ಒಬ್ಬಳು ಸ್ಕ್ರೂಡ್ರೈವರ್ ಕೆಳಗಿಟ್ಟರೆ ಆ ತುದಿಯಲ್ಲಿ ಇನ್ನೊಬ್ಬಳ ಕೈ ಏಳುತ್ತದೆ. ಎಲ್ಲಿ ಕತ್ತರಿಸಿದ್ದಾರೆ, ಎಲ್ಲಿ ಜೋಡಿಸಿದ್ದಾರೆ, ದೇವರಿಗೂ ತಿಳಿಯುವುದಿಲ್ಲ. ಅಂಥ ಸಿನಿಮಾಕ್ಕೆ ಸಿಕ್ಕಿರುವುದು ಒಂದೇ ಒಂದು ನಾಮಿನೇಷನ್.

ಸಂಕಲನಕ್ಕೆ.

ಫೆಬ್ರವರಿ ೪, ಬುಧವಾರ

ನಿನ್ನೆ ಅಲ್ಲಿಂದ ಮುಂದೆ ಪೆನ್ನು ಓಡಲಿಲ್ಲ. ಈಗ ಬರೆಯುತ್ತೇನೆ, ಇಲ್ಲಿ ಮಾತ್ರ. ಆ ಪ್ರಶಸ್ತಿ ಗಡಿಯಾರದ ಸಿನಿಮಾಕ್ಕೆ ಹೋಗಬೇಕು. ನನ್ನ ಗಂಡನ ಸಿನಿಮಾಕ್ಕಲ್ಲ.

ನನ್ನ ಗಂಡನ ಸಿನಿಮಾ ಈಜು ಬಾರದ ದೋಣಿಯವನದು. ಒಳ್ಳೆಯ ಸಿನಿಮಾ. ನಾವಿಬ್ಬರು ಸಿಕ್ಕಿದ್ದೇ ಅದರಿಂದ. ಕಳೆದ ವರ್ಷ ಥಿಯೇಟರಿನಿಂದ ಹೊರಗೆ ಬರುತ್ತ ಗೆಳತಿಗೆ, "ದೋಣಿ ದಡ ಮುಟ್ಟಿ ಎಷ್ಟೋ ಹೊತ್ತಾಯ್ತು ಕಣೇ, ಎಡಿಟರ್ ಮಾತ್ರ ಇನ್ನೂ ಹುಟ್ಟು ಹಾಕ್ತಾನೇ ಇದ್ದಾನೆ" ಅಂದೆ. ಹಿಂದಿನಿಂದ ಒಬ್ಬ, "ಎಲ್ಲಿ ಇಳೀಬೇಕಿತ್ತು ಹೇಳಿ, ನಾನೇ ಆ ಎಡಿಟರ್" ಅಂದ. ಭೂಮಿ ಬಾಯಿ ಬಿಡಲಿಲ್ಲವಾದ್ದರಿಂದ ಹೇಳಿದೆ. ಹೇಳುತ್ತ ಹೇಳುತ್ತ ಕಾಫಿ ಆಯಿತು, ಊಟ ಆಯಿತು, ಎಷ್ಟೋ ಭಾನುವಾರ ಆಯಿತು, ಮದುವೆ ಆಯಿತು.

ಆದರೆ ಆಗ ನಾನು ಪ್ರೇಕ್ಷಕಿ. ಈಗ ಹೆಂಡತಿ. ಇದು ಅವನ ಮೊದಲ ನಾಮಿನೇಷನ್, ಅದರ ಮೇಲೆ ನನ್ನ ಬಾಯಿಂದ ಒಂದು ಗೀರೂ ಬೀಳಬಾರದು. ಸಮಾರಂಭ ಮುಗಿಯುವವರೆಗೆ ನಾನು ಪೂರ್ತಿ ಅವನ ಪಕ್ಷ. ಆದರ್ಶ ಹೆಂಡತಿಯಾಗುವುದು ಇಷ್ಟು ಸುಲಭ ಅಂತ ಗೊತ್ತಿದ್ದರೆ ಅಮ್ಮ ನನ್ನ ಬಗ್ಗೆ ಅಷ್ಟು ಚಿಂತೆ ಮಾಡಬೇಕಿರಲಿಲ್ಲ.

ಫೆಬ್ರವರಿ ೮, ಭಾನುವಾರ

ಈ ಮನೆಯ ಒಂದು ರೂಢಿಯನ್ನು ಮದುವೆಗೆ ಮೊದಲು ಯಾರೂ ನನಗೆ ಹೇಳಿರಲಿಲ್ಲ. ನಾಮಿನೇಷನ್ ಬಂದ ಮೇಲಿನ ಭಾನುವಾರ ಊಟದ ಮೇಜಿನಲ್ಲಿ ಎಲ್ಲರೂ ಪ್ರತಿ ವಿಭಾಗಕ್ಕೂ ತಮ್ಮ ಆಯ್ಕೆ ಹೇಳಬೇಕು, ಕಾರಣ ಸಮೇತ. ಕಾರಣ ಹೇಳಲಾಗದವರು ಪಾತ್ರೆ ತೊಳೆಯಬೇಕು. ಅತ್ತೆ ನ್ಯಾಯಾಧೀಶೆ.

ಮಾವ ನಟರಲ್ಲಿ ಕುದುರೆಯವನನ್ನು ಹಿಡಿದರು. "ಇಡೀ ಸಿನಿಮಾ ಅವನು ಒಂದು ಸಲ ಕೂತಿಲ್ಲ. ಅದು ಶಿಸ್ತು."

"ಕುದುರೆ ಮೇಲೆ ಕೂತಿದ್ನಲ್ಲಪ್ಪ" ಎಂದಳು ನಾದಿನಿ.

"ಅದು ಕೂತ ಲೆಕ್ಕಕ್ಕೆ ಬರಲ್ಲ."

"ಅವನಿಗೆ ಯಾವ ಪ್ರಶಸ್ತಿನೂ ಬೇಡ" ಎಂದರು ಅತ್ತೆ. "ಅನ್ನ ನೀರಿಲ್ಲದೆ ಕಾಡಲ್ಲಿ ಅಲೆದವನ ಹಲ್ಲು ಹಾಗಿರುತ್ತಾ? ಬಾಯಿ ತೆರೆದರೆ ಟ್ಯೂಬ್‌ಲೈಟ್ ಹಾಕಿದ ಹಾಗಿದೆ."

ಆಮೇಲೆ ಸಂಕಲನದ ಸರದಿ. ಅತ್ತೆ, ಮಾವ ಮಗನ ಪರ. ನಾದಿನಿ ಮಾತ್ರ, "ಗಡಿಯಾರ. ಸಾರಿ ಅಣ್ಣ. ಅದು ನೋಡ್ತಾ ನಾನು ಒಂದ್ಸಲನೂ ಫೋನ್ ತೆಗೀಲಿಲ್ಲ, ನಿನ್ನ ದೋಣೀಲಿ ಎರಡು ಸಲ ತೆಗೆದೆ" ಅಂದಳು. ಇವನು ನಕ್ಕು, ಎಲ್ಲೆಲ್ಲಿ ತೆಗೆದೆ ಅಂತ ಕೇಳಿ ತಿಳಿದುಕೊಂಡ. ಎಂಥ ದೊಡ್ಡ ಮನಸ್ಸು.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಇವರದ್ದೇ" ಅಂದೆ. ಹಿರಿಯರ ಮುಂದೆ ಇವನು ಇವರಾಗುತ್ತಾನೆ.

"ಕಾರಣ?"

"ಎಲ್ಲಾ ಚೆನ್ನಾಗಿದೆ ಅತ್ತೆ."

"ಎಲ್ಲಾ ಚೆನ್ನಾಗಿದೆ ಅನ್ನೋದು ಕಾರಣ ಅಲ್ಲಮ್ಮ. ನನ್ನ ಹತ್ರ ಬರೋರೂ ಬಾಯಿ ತೆರೆಯೋವರೆಗೆ ಹಾಗೇ ಹೇಳ್ತಾರೆ."

"ಅತ್ತಿಗೆಗೆ ಹುಷಾರಿಲ್ಲ ಅನ್ಸುತ್ತೆ" ಎಂದಳು ನಾದಿನಿ. "ಮೊನ್ನೆ ಬಾಗಿಲ ಚಿಲಕದ ಬಗ್ಗೆ ಕಾಲು ಗಂಟೆ ಅಭಿಪ್ರಾಯ ಹೇಳಿದೋರು ಇವರೇನಾ?"

ಪಾತ್ರೆ ತೊಳೆದೆ. ಇವನು ಒರೆಸಲು ಬಂದ. "ನಿಜವಾಗ್ಲೂ ಎಲ್ಲಾ ಚೆನ್ನಾಗಿದೆಯಾ?" ಅಂತ ಮೆಲ್ಲಗೆ ಕೇಳಿದ. "ಎಲ್ಲಾನೂ" ಅಂದೆ. ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ. ಪಾಪ, ಎಷ್ಟು ಖುಷಿಯಾಗಿರಬೇಕು.

ಫೆಬ್ರವರಿ ೧೨, ಗುರುವಾರ

ಬೆಳಿಗ್ಗೆ ಇವನು ಕಾಫಿ ಮಾಡಿದ. ಸಕ್ಕರೆ ಹಾಕಲು ಮರೆತಿದ್ದ. ಸೂಪರ್ ಅಂದೆ. ಅವನೂ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ. ಸೂಪರ್ ಅಂತ ಇನ್ನೊಮ್ಮೆ ಅಂದೆ. ಇದೂ ಒಂದು ಕಲೆ, ಕೈಗೂಡುತ್ತಿದೆ.

ಫೆಬ್ರವರಿ ೧೫, ಭಾನುವಾರ

ಇವತ್ತು ನನ್ನನ್ನು ಎಡಿಟಿಂಗ್ ರೂಮಿಗೆ ಕರೆದುಕೊಂಡು ಹೋದ. ಕಿಟಕಿಗೆ ದಪ್ಪ ಪರದೆ, ಒಂದರ ಪಕ್ಕ ಒಂದು ಎರಡು ಸ್ಕ್ರೀನು, ಸ್ಪಂಜು ಹೊರಗೆ ಬಂದ ಕುರ್ಚಿ, ಅದರ ಬೆನ್ನಿಗೆ ಅವನ ಹಳೇ ಸ್ವೆಟರು. ನನಗೆ ಅಲ್ಲೇ ಸಂಸಾರ ಹೂಡಬೇಕು ಅನಿಸಿತು.

ಅವನ ಹೊಸ ಸಿನಿಮಾದ ಮೊದಲ ಕಟ್ ಸಿದ್ಧವಾಗಿದೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಕಥೆ. "ಮಾರ್ಚ್ ಹದಿಮೂರಕ್ಕೆ ಪ್ರೊಡ್ಯೂಸರ್ ನೋಡ್ತಾರೆ. ಅವರಿಗೆ ಬೋರ್ ಆದ್ರೆ ಬೇರೆ ಎಡಿಟರ್ ಕೈಗೆ ಕೊಡ್ತಾರೆ, ಹಿಂದೆ ಇಬ್ಬರಿಗೆ ಹಾಗೇ ಮಾಡಿದಾರೆ. ಅದಕ್ಕೆ ಮೊದಲು ನೀನು ನೋಡು" ಅಂದ.

ಆಮೇಲೆ ಕುರ್ಚಿಯನ್ನು ಸ್ಕ್ರೀನಿನ ಕಡೆಗಲ್ಲ, ನನ್ನ ಕಡೆಗೆ ತಿರುಗಿಸಿಕೊಂಡು ಕೂತ. ಅವರ ಕೆಲಸವೇ ಹೀಗಂತೆ. ಸಿನಿಮಾವನ್ನು ನೋಡಿ ನೋಡಿ ಅವರಿಗೆ ಏನೂ ಕಾಣದಂತಾಗಿರುತ್ತದೆ, ಆದ್ದರಿಂದ ನೋಡುವವರ ಮುಖ ನೋಡಿ ಎಲ್ಲಿ ಕತ್ತರಿಸಬೇಕು ಅಂತ ತಿಳಿಯುತ್ತಾರೆ. ಅಂದರೆ ಅಷ್ಟೂ ಹೊತ್ತು ನಾನು ಮುಖ ಕಾಯಬೇಕು.

ಸಿನಿಮಾದಲ್ಲಿ ಮೇಷ್ಟ್ರು ಏಳುತ್ತಾರೆ. ಹಲ್ಲುಜ್ಜುತ್ತಾರೆ. ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಾರೆ. ಕಾರು ತೊಳೆಯುತ್ತಾರೆ. ಕಾರಿನ ನಾಲ್ಕೂ ಚಕ್ರ ತೊಳೆಯುತ್ತಾರೆ. ಕಥೆ ಶುರುವಾಗುವುದು ಒಬ್ಬ ಹೆಂಗಸು ಕಲಿಯಲು ಬಂದು ಸೀಟ್ ಬೆಲ್ಟ್ ಹಾಕಿಕೊಂಡ ಮೇಲೆ. ಅಲ್ಲಿಂದ ಚಿನ್ನದಂಥ ಸಿನಿಮಾ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ನಗುನಗುತ್ತ ನನ್ನ ಕೆನ್ನೆ ಮರಗಟ್ಟಿತ್ತು.

"ಎಲ್ಲಾದ್ರೂ ಬೋರ್ ಆಯ್ತಾ?"

"ಒಂದು ಕ್ಷಣವೂ ಇಲ್ಲ."

"ಚಕ್ರ ತೊಳೆಯೋದು?"

"ಅದಂತೂ ಧ್ಯಾನದ ಹಾಗಿದೆ."

ಏನು ಬಾಯಿ ನನ್ನದು. ಇರಲಿ, ಮಾರ್ಚ್ ಏಳಕ್ಕೆ ಪ್ರಶಸ್ತಿ ಸಮಾರಂಭ ಆಗಿಬಿಡಲಿ. ಆಮೇಲೆ ಸಮಯ ನೋಡಿ ಮೆಲ್ಲಗೆ ಹೇಳಿದರಾಯಿತು.

ಫೆಬ್ರವರಿ ೨೦, ಶುಕ್ರವಾರ

ಮೇಷ್ಟ್ರು ಅಂಗಿಗೆ ಇಸ್ತ್ರಿ ಹಾಕುವ ದೃಶ್ಯವನ್ನು ಹಿಂದೆ ತೆಗೆದುಹಾಕಿದ್ದನಂತೆ. ಈಗ ವಾಪಸ್ ಸೇರಿಸಿದ್ದಾನೆ. "ನಿನಗೆ ಧ್ಯಾನದ ಹಾಗಿತ್ತು ಅಂದ್ಯಲ್ಲ" ಅಂದ. ಇಡೀ ಅಂಗಿ. ಕಾಲರು, ತೋಳು, ಬೆನ್ನು.

ಚೆನ್ನಾಗಿದೆ ಅಂದೆ.

ಫೆಬ್ರವರಿ ೨೩, ಸೋಮವಾರ

ಕಿವಿಯ ಕೆಳಗೆ ನೋವು. ಅತ್ತೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿಸಿ ದೀಪ ಹಾಕಿ ನೋಡಿದರು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೇನಂತೆ.

"ಏನನ್ನ ಕಚ್ಚಿ ಹಿಡ್ಕೊಂಡಿದ್ದೀಯೇ?"

"ಏನಿಲ್ಲ ಅತ್ತೆ."

"ನನ್ನ ಮಗ ಏನಾದ್ರೂ ಅಂದ್ನಾ?"

"ಇಲ್ಲ ಅತ್ತೆ, ತುಂಬಾ ಒಳ್ಳೆಯವರು."

"ಗೊತ್ತು, ನಾನೇ ಹೆತ್ತಿದ್ದು. ಬಾಯಿ ತೆಗಿ."

ರಾತ್ರಿ ಕಚ್ಚಿಕೊಂಡು ಮಲಗಲು ಪ್ಲಾಸ್ಟಿಕ್ಕಿನ ಅಚ್ಚು ಮಾಡಿಕೊಟ್ಟರು. ಹೊಸ ಮದುಮಗಳು ಬಾಕ್ಸರಿನ ಹಾಗೆ ಮಲಗಬೇಕು.

ಮಾರ್ಚ್ ೧, ಭಾನುವಾರ

ಇವನು ಈಗ ನನ್ನನ್ನು ಏನೂ ಕೇಳುವುದಿಲ್ಲ. ಕಾಫಿ ಹೇಗಿದೆ ಅಂತಲೂ ಕೇಳುವುದಿಲ್ಲ. ಇವತ್ತು ಎಡಿಟಿಂಗ್ ರೂಮಿಗೆ ನಾದಿನಿಯನ್ನು ಕರೆದುಕೊಂಡು ಹೋದ. ನನಗೇನೂ ಹೊಟ್ಟೆಕಿಚ್ಚಿಲ್ಲ. ಅವಳಿಗೆ ಸಿನಿಮಾದ ತಲೆಬುಡ ಗೊತ್ತಿಲ್ಲ ಅಷ್ಟೆ. ಮೇಲಾಗಿ ನಕ್ಕಾಗ ಕೆಳಸಾಲಿನ ಹಲ್ಲು ಸ್ವಲ್ಪ ಒಂದರ ಮೇಲೊಂದು ಬಂದಿದೆ.

ಅವಳು ಬಂದು, "ಅಣ್ಣನಿಗೆ ನನ್ನ ಮುಖ ಉಪಯೋಗ ಆಗ್ಲಿಲ್ಲ ಅತ್ತಿಗೆ. ನಿನಗೆ ಎಲ್ಲಾದಕ್ಕೂ ಒಂದೇ ಮುಖ ಅಂದ" ಅಂತ ಹೇಳಿದಳು. ನಾನು ಕೋಣೆಗೆ ಹೋಗಿ ಕನ್ನಡಿ ನೋಡಿದೆ. ಯಾಕೆ ನೋಡಿದೆ ಗೊತ್ತಿಲ್ಲ.

ಮಾರ್ಚ್ ೭, ಶನಿವಾರ, ಮಧ್ಯಾಹ್ನ

ಇವತ್ತು ಸಂಜೆ. ಹೊಸ ಉಡುಪು, ಹೊಸ ಹೀಲ್ಸು. ಮಾವ ಟ್ಯಾಕ್ಸಿ ಗೇಟಿನವರೆಗೆ ಬಂದಿದೆಯಾ ಅಂತ ಆಗಿನಿಂದ ನೋಡುತ್ತಿದ್ದಾರೆ, ಇನ್ನೂ ಕರೆದೇ ಇಲ್ಲ. ದೇವರೇ, ಇವನೇ ಗೆಲ್ಲಲಿ. ಗೆಲ್ಲದಿದ್ದರೆ ನಾನು ಅಳಬಾರದು. ಅಷ್ಟು ಸಾಕು.

ಮಾರ್ಚ್ ೮, ಭಾನುವಾರ

ಅಳಲಿಲ್ಲ.

ಹೇಗೆ ಬರೆಯುವುದು. ನಾವು ಎಂಟನೆಯ ಸಾಲಿನಲ್ಲಿದ್ದೆವು, ಅವನ ಕೈ ನನ್ನ ಕೈಯಲ್ಲಿತ್ತು. ನಾಮಿನಿಗಳ ಹೆಸರು ಓದುವಾಗ ಕ್ಯಾಮೆರಾದವನು ಒಬ್ಬೊಬ್ಬರ ಮುಂದೆ ಬಂದು ನಿಲ್ಲುತ್ತಿದ್ದ. ನಮ್ಮ ಮುಂದೆ ನಿಂತಾಗ ನಾನು ಆದರ್ಶ ಹೆಂಡತಿಯ ನಗು ನಕ್ಕೆ. ಲಕೋಟೆ ಹರಿದರು. ಗಡಿಯಾರದ ಸಿನಿಮಾ.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆ ಗೊತ್ತಿಲ್ಲ. ಎರಡು ಬೆರಳು ಬಾಯಿಗೆ ಹೋಗಿ ಶಿಳ್ಳೆ ಹೊರಟೇಬಿಟ್ಟಿತು. ಇಡೀ ಸಭೆ ಮರ್ಯಾದೆಯಾಗಿ ಕೂತು ಚಪ್ಪಾಳೆ ತಟ್ಟುತ್ತಿತ್ತು. ನಿಂತಿದ್ದವಳು ನಾನೊಬ್ಬಳೇ, "ಹೌದು, ಇದೇ ಸರಿ, ಇದೇ ಸರಿ" ಅನ್ನುತ್ತಿದ್ದವಳೂ ನಾನೇ. ಗೆದ್ದಾಕೆ ನರೆಗೂದಲಿನ ಹೆಂಗಸು. ವೇದಿಕೆಗೆ ಹೋಗುವ ದಾರಿಯಲ್ಲಿ ನನ್ನನ್ನು ಯಾವುದೋ ಮರೆತ ಸಂಬಂಧಿ ಅಂದುಕೊಂಡು ತಬ್ಬಿಕೊಂಡಳು. ಅವಳ ಭುಜದ ಮೇಲಿಂದ ವೇದಿಕೆಯ ದೊಡ್ಡ ಪರದೆ ಕಾಣಿಸಿತು. ಅದರಲ್ಲಿ ನಾನಿದ್ದೆ. ನನ್ನ ಪಕ್ಕ, ಕೈ ಖಾಲಿಯಾದ ನನ್ನ ಗಂಡನೂ ಇದ್ದ.

ಹೊರಗೆ ಬರುವಾಗಲೇ ಅತ್ತೆಯ ಫೋನು. "ಟಿವೀಲಿ ನೋಡಿದ್ವಮ್ಮ. ಬುದ್ಧಿಹಲ್ಲಿನವರೆಗೂ ಕಾಣಿಸ್ತು. ನಿಮ್ಮ ಮಾವ ಸೋಫಾ ಮೇಲೆ ಕೂತ್ಬಿಟ್ಟರು, ಇನ್ನೂ ಎದ್ದಿಲ್ಲ."

ಟ್ಯಾಕ್ಸಿಯಲ್ಲಿ ಇವನು ಕಿಟಕಿಯಾಚೆ ನೋಡುತ್ತ ಕೂತ. ಎರಡು ಸಿಗ್ನಲ್ ದಾಟಿದ ಮೇಲೆ ನಾನೇ, "ತಪ್ಪಾಯ್ತು ಕಣೋ" ಅಂದೆ.

"ಮೊದಲಿಂದಲೂ ಅದೇ ಅನ್ಸಿತ್ತಾ?"

"ಹೂಂ."

"ಸೋತಿದ್ದಕ್ಕೆ ಬೇಜಾರಿಲ್ಲ. ಇದೆ, ಸ್ವಲ್ಪ. ಆದ್ರೆ ತಿಂಗಳಿಂದ ನನಗೆ ಸುಳ್ಳು ಹೇಳ್ತಿದ್ದೆ."

"ಸುಳ್ಳಲ್ಲ. ಪ್ರೋತ್ಸಾಹ."

"ನಿನ್ನ ಪ್ರೋತ್ಸಾಹಕ್ಕೆ ನಾನು ಇಸ್ತ್ರಿ ದೃಶ್ಯ ವಾಪಸ್ ಹಾಕಿದ್ದೀನಿ. ಶುಕ್ರವಾರ ಅದನ್ನೇ ಆ ಪ್ರೊಡ್ಯೂಸರ್ ಮುಂದೆ ಇಡ್ತಿದ್ದೆ. ಗೊತ್ತಾ ನಿನಗೆ?"

"ಇಸ್ತ್ರಿ ಹಾಕೋದನ್ನ ಯಾರು ಸಾರ್ ಕಾಸು ಕೊಟ್ಟು ನೋಡ್ತಾರೆ?" ಅಂದ ಟ್ಯಾಕ್ಸಿಯವನು, ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ.

ಅಷ್ಟೇ. ಕಟ್ಟೆ ಒಡೆಯಿತು. ಇಸ್ತ್ರಿ ಮಾತ್ರ ಅಲ್ಲ, ಮೇಷ್ಟ್ರು ಏಳೋದು ಬೇಡ, ಹಲ್ಲುಜ್ಜೋದು ಬೇಡ, ಆ ನಾಲ್ಕು ಚಕ್ರದಲ್ಲಿ ಒಂದು ಚಕ್ರವೂ ಬೇಡ, ಕನ್ನಡಿ ಮುಂದೆ ನಗೋದು ಬೇಡವೇ ಬೇಡ, ಆ ಹೆಂಗಸು ಸೀಟ್ ಬೆಲ್ಟ್ ಎಳೆಯೋದರಿಂದ ಸಿನಿಮಾ ಶುರು ಮಾಡು, ದೋಣಿಯಲ್ಲಿ ಮಾಡಿದ ತಪ್ಪನ್ನೇ ಇಲ್ಲೂ ಮಾಡಿದ್ದೀಯ, ಅಲ್ಲಿ ಇಳಿಯೋಕೆ ಗೊತ್ತಿಲ್ಲ, ಇಲ್ಲಿ ಹತ್ತೋಕೆ ಗೊತ್ತಿಲ್ಲ. ಮನೆ ಬಂದರೂ ಮುಗಿದಿರಲಿಲ್ಲ. ಅವನು ನಗಲಿಲ್ಲ, ಬೈಯಲೂ ಇಲ್ಲ. ಟ್ಯಾಕ್ಸಿಯವನು ಮಾತ್ರ, "ಮೇಡಂ ಹೇಳಿದ್ರಲ್ಲಿ ಪಾಯಿಂಟ್ ಇದೆ" ಅಂದ.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೆಳಿಗ್ಗೆ ನಾನು ಏಳುವ ಮೊದಲೇ ಹೊರಟುಹೋಗಿದ್ದಾನೆ. ಭಾನುವಾರ ಯಾರು ಕೆಲಸಕ್ಕೆ ಹೋಗುತ್ತಾರೆ? ನನ್ನ ಮೇಲೆ ಸಿಟ್ಟಾದವರು ಹೋಗುತ್ತಾರೆ. ಶಿಳ್ಳೆ ಹೊಡೆದ ಬೆರಳನ್ನು ಕತ್ತರಿಸಿ ಹಾಕಬೇಕು. ಈ ಮನೆಯಲ್ಲಿ ನನಗೆ ಇನ್ನು ಊಟದ ತಟ್ಟೆ ಇಡುತ್ತಾರೋ ಇಲ್ಲವೋ.

ಅತ್ತೆ ಎರಡು ಸಲ ಬಡಿಸಿದರು.

ಮಾರ್ಚ್ ೯, ಸೋಮವಾರ

ಹನ್ನೊಂದಕ್ಕೆ ಫೋನ್ ಮಾಡಿದ. ಎಡಿಟಿಂಗ್ ರೂಮಿನಿಂದ, ಕೆಲಸದ ಹೊತ್ತಿನಲ್ಲಿ, ಆ ಮನುಷ್ಯ. "ಬರ್ತೀಯಾ?" ಅಂದ. ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿದೆ.

ಮಾರ್ಚ್ ೧೨, ಗುರುವಾರ

ದಿನಚರಿ ಬರೆಯಲು ಪುರುಸೊತ್ತಿಲ್ಲ. ಇಸ್ತ್ರಿ ಹೋಯಿತು. ಏಳುವುದು, ಉಜ್ಜುವುದು, ಚಕ್ರಗಳು, ಎಲ್ಲ ಹೋದವು. ಒಂದೊಂದು ತೆಗೆಯುವಾಗಲೂ ಅವನ ಮುಖ ನೋಡಲಾಗುವುದಿಲ್ಲ. ಒಂದು ಚಕ್ರದ ಶಾಟ್ ತೆಗೆಯಲು ಎಷ್ಟು ಜನ ಬೆಳಗಿನ ಚಳಿಯಲ್ಲಿ ನಿಂತಿದ್ದರಂತೆ, ಅವನು ಹೇಳುತ್ತಾನೆ, ಹೇಳಿ ಕತ್ತರಿಸುತ್ತಾನೆ. ಆ ಕುದುರೆ ಸಿನಿಮಾದ ಎಡಿಟರಿಗೂ ಹೀಗೇ ಆಗಿರಬೇಕು, ಪಾಪ, ಅಷ್ಟೊಂದು ಕುದುರೆ.

ಕನ್ನಡಿ ದೃಶ್ಯ ಮಾತ್ರ ಅವನು ಬಿಡಲೊಲ್ಲ.

"ಅದಿಲ್ಲದಿದ್ರೆ ಆ ಮೇಷ್ಟ್ರು ಯಾರು ಅಂತಲೇ ಗೊತ್ತಾಗಲ್ಲ."

"ಗೊತ್ತಾಗುತ್ತೆ. ಜನಕ್ಕೆ ಬುದ್ಧಿ ಇದ್ಯಪ್ಪ."

"ಯಾರಿಗೂ ತೋರಿಸೋಕೆ ಅಲ್ಲ ಕಣೇ ಅವನು ನಗ್ತಿರೋದು. ಮೊದಲನೇ ದಿನ ಬರೋ ಸ್ಟೂಡೆಂಟ್ ಹೆದರಬಾರದು ಅಂತ ನಗು ಪ್ರಾಕ್ಟೀಸ್ ಮಾಡ್ತಿದಾನೆ."

"ಹಾಗಾದ್ರೆ ಅರ್ಧ ಇಡು."

"ಅರ್ಧ ನಗು ಇಡೋದು ಹೇಗೆ?"

ಪಕ್ಕದ ರೂಮಿನ ಡಬ್ಬಿಂಗಿನವರು ಬಂದು ಬಾಗಿಲು ತಟ್ಟಿದರು. "ನಿಮ್ಮ ಜಗಳ ನಮ್ಮ ಹೀರೋಯಿನ್ ಬಾಯಲ್ಲಿ ರೆಕಾರ್ಡ್ ಆಗ್ತಿದೆ, ಸ್ವಲ್ಪ ಮೆಲ್ಲಗೆ ಆಡಿ." ನಾಳೆ ಪ್ರೊಡ್ಯೂಸರ್. ದೃಶ್ಯ ಹಾಗೇ ಉಳಿದಿದೆ, ಪೂರ್ತಿ. ಅವನು ಹಟಮಾರಿ. ಇದನ್ನು ಮದುವೆಗೆ ಮೊದಲು ಯಾರಾದರೂ ಹೇಳಬಾರದಿತ್ತೇ.

ಮಾರ್ಚ್ ೧೩, ಶುಕ್ರವಾರ

ಪ್ರೊಡ್ಯೂಸರ್ ಫೋನನ್ನು ಮಗುಚಿಟ್ಟು ನೋಡಿದರು, ಕೊನೆಯವರೆಗೂ ಮಗುಚಿಯೇ ಇತ್ತು. ನಾವು ಹಿಂದಿನ ಗೋಡೆಗೆ ಆತು ನಿಂತಿದ್ದೆವು. ದೀಪ ಹಾಕಿದ ಮೇಲೆ ಅವರು, "ಶುರುವಿನಲ್ಲಿ ಅವನೇನೋ ತೊಳೀತಿದ್ನಲ್ಲ, ಅದೆಲ್ಲಿ?" ಅಂದರು.

"ತೆಗೆದೆ ಸಾರ್."

"ಅದಕ್ಕೆ ಒಂದು ದಿನದ ಶೂಟಿಂಗ್ ಆಗಿತ್ತು."

"ಗೊತ್ತು ಸಾರ್."

ಅವರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ಹೋದ್ರೆ ಹೋಗಲಿ. ಮ್ಯೂಸಿಕ್‌ನವರಿಗೆ ಕಳಿಸಿಬಿಡಿ" ಅಂದು ಹೊರಟರು. ಬಾಗಿಲವರೆಗೆ ಹೋಗಿ ತಿರುಗಿ ನನ್ನನ್ನು ನೋಡಿ, "ಇವರನ್ನ ಎಲ್ಲೋ ಟಿವೀಲಿ ನೋಡಿದ್ದೀನಿ" ಅಂದರು. ಸಿನಿಮಾ ಇವನ ಕೈಯಲ್ಲೇ ಉಳಿಯಿತು.

ಕಾರಿಡಾರಿನಲ್ಲಿ ಇವನು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಡಬ್ಬಿಂಗಿನವರು ಬಾಗಿಲು ತೆಗೆದು ನೋಡಿ ಮತ್ತೆ ಹಾಕಿಕೊಂಡರು.

ಮನೆಗೆ ಬಂದು ಮಲಗಿದ ಮೇಲೆ ಹೇಳುತ್ತಾನೆ, "ಕನ್ನಡಿ ದೃಶ್ಯದಲ್ಲಿ ನೀನು ಕಣ್ಣೊರೆಸ್ಕೊಂಡೆ."

"ಇಲ್ಲಪ್ಪ."

"ನಾನು ಸ್ಕ್ರೀನ್ ನೋಡ್ತಿರಲಿಲ್ಲ."

ಒರೆಸಿಕೊಂಡಿದ್ದು ನಿಜ. ಆದರೆ ಕಣ್ಣೀರು ಬಂದದ್ದು ಆ ದೃಶ್ಯದ ಅರ್ಧಕ್ಕೇ. ಬಂದ ಮೇಲೂ ಮೇಷ್ಟ್ರು ನಗುತ್ತಲೇ ಇದ್ದರು. ಹಾಗಾದರೆ ಉಳಿದ ಅರ್ಧ ಯಾಕೆ ಬೇಕು? ನಾಳೆ ಬೆಳಿಗ್ಗೆ ಹೇಳುತ್ತೇನೆ.

ಇಲ್ಲ, ಈಗಲೇ ಹೇಳುತ್ತೇನೆ. ಇನ್ನೂ ಎಚ್ಚರವಾಗಿದ್ದಾನೆ.